ಚೌಳು ಮಣ್ಣಿನ ಮಾಳಿಗೆ: ಬಳ್ಳಾರಿ ಸೀಮೆಯ ಕಟ್ಟಡ ಕಸುಬಿನ ಚರಿತ್ರೆ

ವರ್ಷಕ್ಕೆ ಸರಾಸರಿ 500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ, ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ, ಕಟ್ಟಡಕ್ಕೆ ಒದಗುವಂಥ ನೇರವಾದ ದೊಡ್ಡ ಮರಗಳು ಬಯಲಿನಲ್ಲಿ ಅಪರೂಪವಾದ ಬಳ್ಳಾರಿ ಸೀಮೆಯಲ್ಲಿ ಮನೆ ಕಟ್ಟುವ ಕಸುಬು ಕೊರತೆಯ ಲೆಕ್ಕಾಚಾರದೊಳಗೇ ಬೆಳೆಯಿತು. ಬಳ್ಳಾರಿ ನಗರ, ಅದರ ಉತ್ತರಕ್ಕೆ ತುಂಗಭದ್ರೆಯ ದಂಡೆಯ ಸಿರುಗುಪ್ಪ, ಬಂಡೆಗುಡ್ಡಗಳ ಮಗ್ಗುಲಲ್ಲಿರುವ ಕುರುಗೋಡು, ಈ ಮೂರೂ ಊರುಗಳ ನೆಲ ಒಂದೇ ಬಗೆಯದಲ್ಲದಿದ್ದರೂ ಅವುಗಳ ಹಳೆಯ ಕೇರಿಗಳಲ್ಲಿ ಉಳಿದಿರುವ ಮನೆಗಳ ಕಟ್ಟಣೆ ಹೆಚ್ಚುಕಡಿಮೆ ಒಂದೇ: ದಪ್ಪ ಗೋಡೆ, ಮರದ ಕಂಬ, ಅದರ ಮೇಲೆ ಒಂದು ಅಡಿಗೂ ಮೀರಿದ ಮಣ್ಣು ಹೊತ್ತ ಸಮತಟ್ಟಾದ ಮಾಳಿಗೆ. ನೇಯ್ಗೆ, ಹೊಲಿಗೆ, ಮರಗೆಲಸ, ಕುಂಬಾರಿಕೆ, ಚಿತ್ರ ಮುಂತಾದ ಕೈಕೆಲಸಗಳನ್ನು ಇಂದಿನ ಬದುಕಿಗೆ ತಕ್ಕ ವಸ್ತುಗಳಾಗಿ ರೂಪಿಸಲು ಕಲಿಸುವ ವಿನ್ಯಾಸ ಶಾಲೆಯೊಂದನ್ನು, ಜೀನ್ಸ್ ಉಡುಪಿನ ಹೊಲಿಗೆಗೆ ದೇಶದಲ್ಲೇ ಹೆಸರಾದ ಬಳ್ಳಾರಿಯಲ್ಲಿ ಪರಿಸರಕ್ಕೆ ಹೊರೆಯಾಗದಂತೆ ಕಟ್ಟುವುದು ಹೇಗೆಂಬ ಪ್ರಶ್ನೆ ಎದ್ದರೆ, ಅದರ ಉತ್ತರದ ಹುಡುಕಾಟ ಆರಂಭವಾಗಬೇಕಾದದ್ದು ಈ ಮಾಳಿಗೆಯ ಚರಿತ್ರೆಯಿಂದ. ಆ ಚರಿತ್ರೆಯಲ್ಲಿ ಜಾಣತನದಷ್ಟೇ ಸೋಲೂ ಇದೆ ಎಂಬುದನ್ನು ಮರೆತು ಬರೆದ ಹೊಗಳಿಕೆಗಳು ಈಗಾಗಲೇ ಸಾಕಷ್ಟಿವೆ.

ಈ ಸೀಮೆಯ ಅತಿ ಹಳೆಯ ವಾಸದ ಮನೆಗಳು ಚೌಕವಲ್ಲ, ದುಂಡು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳ ಮೇಲೆ 1963ರಿಂದ 1965ರವರೆಗೆ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ, ಕ್ರಿ.ಪೂ. ಎರಡನೆಯ ಸಹಸ್ರಮಾನಕ್ಕೆ ಸೇರಿದ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆಗಟ್ಟುಗಳು ಬೆಳಕಿಗೆ ಬಂದವು. ನವಶಿಲಾಯುಗವೆಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ ಹಿಡಿದು ದನ ಸಾಕಿ ಬೇಸಾಯಕ್ಕೆ ತೊಡಗಿದ ಕಾಲ. ಆ ಜನ ಬಯಲಿನ ಎರೆ ಭೂಮಿಯನ್ನು, ಅಂದರೆ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಕಪ್ಪು ಮಣ್ಣಿನ ನೆಲವನ್ನು, ವಾಸಕ್ಕೆ ಆರಿಸದೆ ಬಂಡೆಗಳ ನಡುವಿನ ಗಟ್ಟಿ ನೆಲವನ್ನು ಹಿಡಿದರು. ಕಟ್ಟುವವನಿಗೆ ಎರೆಯ ಮೇಲೆ ಇಂದಿಗೂ ನಂಬಿಕೆಯಿಲ್ಲ. ಅಡಿಪಾಯದ ವಿಷಯದಲ್ಲಿ ತೆಕ್ಕಲಕೋಟೆಯವರ ತೀರ್ಮಾನ ಇಂದಿನ ಎಂಜಿನಿಯರನ ತೀರ್ಮಾನಕ್ಕಿಂತ ಬೇರೆಯೇನೂ ಆಗಿರಲಿಲ್ಲ. ಬಳ್ಳಾರಿಗೆ ಅಂಟಿಕೊಂಡಂತೆಯೇ ಇರುವ ಸಂಗನಕಲ್ಲಿನ ಗುಡ್ಡಗಳಲ್ಲಿ ಇದೇ ಕಾಲದ ಜನ ಕಪ್ಪು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ನೆಲೆಯೂ ಸಿಕ್ಕಿದೆ. ಒಂದು ವಸ್ತುವನ್ನು ಒಂದೇ ಅಚ್ಚಿನಲ್ಲಿ ಮತ್ತೆಮತ್ತೆ ಮಾಡುವ ಕೆಲಸವನ್ನು ವಿನ್ಯಾಸವೆಂದು ಕರೆಯುವುದಾದರೆ, ಈ ಜಿಲ್ಲೆಯ ಮೊದಲ ಕಾರ್ಯಾಗಾರ ಅದು.

ಕಲ್ಲನ್ನು ಆಸರೆಯಾಗಿ ಬಳಸಿಕೊಂಡ ಈ ಜನರಿಂದ ಕಲ್ಲನ್ನೇ ಕಟ್ಟಡವಾಗಿಸಿದವರ ಕಾಲಕ್ಕೆ ಬಹಳ ದೂರವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿದ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ಆ ಕಾಲದ ಹಲವು ಗುಡಿಗಳು ಇಂದೂ ನಿಂತಿವೆ. ಊರಿನ ಹೆಸರನ್ನು ಜನ ನೆನೆಯುವುದು ಮಾತ್ರ ದೊಡ್ಡಬಸವೇಶ್ವರನ ಏಕಶಿಲೆಯ ಬೃಹತ್ ನಂದಿಯಿಂದ. ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಕಲ್ಲಿನ ಚಪ್ಪಡಿ, ಅದರ ಮೇಲೆ ನೀರಿಳಿಯದಂತೆ ಸುಣ್ಣದ ಗಚ್ಚು: ಗುಡಿಯ ಮಂಟಪದ ಈ ಕ್ರಮವೇ ಮರ-ಮಣ್ಣುಗಳಿಗೆ ಇಳಿದು ಒಕ್ಕಲು ಮನೆಯ ಕ್ರಮವೂ ಆಯಿತು. ನಾಲ್ಕು ಕಂಬಗಳ ನಡುವಿನ ಚೌಕವನ್ನು ಅಂಕಣವೆನ್ನುತ್ತಾರೆ. ಗುಡಿಯ ಮಂಟಪವನ್ನೂ ರೈತನ ಮನೆಯನ್ನೂ ಅಳೆಯುವುದು ಅಂಕಣಗಳ ಲೆಕ್ಕದಲ್ಲೇ. ಅಂಕಣದ ಅಗಲವನ್ನು ನಿಶ್ಚಯಿಸಿದ್ದು ಶಿಲ್ಪಿಯ ಅಭಿರುಚಿಯಲ್ಲ, ಸಿಗುವ ಚಪ್ಪಡಿ ಅಥವಾ ತೊಲೆ ಮುರಿಯದೆ ಹೊರಬಲ್ಲ ಉದ್ದ. ಚಪ್ಪಡಿಯನ್ನು ಬಂಡೆಯಿಂದ ಎಬ್ಬಿಸುವ ಹಳೆಯ ಉಪಾಯವೂ ಸರಳವಾದುದು. ಬಂಡೆಯ ಮೈಮೇಲೆ ಸೌದೆ ಉರಿಸಿ ಕಾಯಿಸಿದರೆ ಮೇಲ್ಪದರ ಉಬ್ಬಿ ಹಾಳೆಯಂತೆ ಬಿಡುತ್ತದೆ, ಆಮೇಲೆ ಉಳಿಯಿಂದ ಸೀಳಿ ಬೇಕಾದ ಅಳತೆಗೆ ತರಬಹುದು. ಈ ಕೆಲಸದಲ್ಲಿ ಭೋವಿ ಸಮುದಾಯದವರ, ಅಂದರೆ ಹಿಂದೆ ಒಡ್ಡರೆಂದು ಕರೆಸಿಕೊಂಡವರ, ಕೈಚಳಕ ಪ್ರಸಿದ್ಧವಾಗಿತ್ತು.

ಮಾಳಿಗೆಯ ರಹಸ್ಯವಿರುವುದು ಅದರ ಮೇಲಿನ ಮಣ್ಣಿನಲ್ಲಿ. ಗೋಡೆಗಳನ್ನು ಕಲ್ಲು ಮತ್ತು ಕೆಸರಿನಿಂದಲೋ ಹಸಿ ಇಟ್ಟಿಗೆಯಿಂದಲೋ ಎರಡು ಅಡಿಯಷ್ಟು ದಪ್ಪಕ್ಕೆ ಎಬ್ಬಿಸಿ, ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಒತ್ತೊತ್ತಾಗಿ ಬೇವು ಅಥವಾ ಜಾಲಿಯ ಜಂತಿಗಳನ್ನು ಹಾಸಿ, ಅವುಗಳ ಸಂದು ಮುಚ್ಚುವಂತೆ ಬಂದರಿಕೆ, ಲಕ್ಕಿ ಮುಂತಾದ ಪೊದೆಗಳ ರೆಂಬೆಗಳನ್ನು ಹರಡಿ, ಮೇಲೆ ಹದಗೊಳಿಸಿದ ಮಣ್ಣನ್ನು ಬಡಿದು ಕೂರಿಸುವುದು ಕ್ರಮ. ಕಟ್ಟಕಡೆಯ ಪದರಕ್ಕೆ ಬಳಸುತ್ತಿದ್ದುದು ಚೌಳು ಮಣ್ಣು. ಸೋಡಿಯಂ ಲವಣ ಹೆಚ್ಚಾಗಿರುವ, ಬೇಸಿಗೆಯಲ್ಲಿ ಮೇಲೆ ಬಿಳಿ ಪುಡಿ ಕಟ್ಟುವ, ಪೈರು ಬೆಳೆಯದ ನೆಲದ ಮಣ್ಣಿಗೆ ಚೌಳು ಅಥವಾ ಸವಳು ಎಂದು ಹೆಸರು. ಅಗಸರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದುದೂ ಇದನ್ನೇ. ಸೋಡಿಯಂ ಸೇರಿದ ಜೇಡಿಯ ಕಣಗಳು ನೀರು ತಾಗಿದೊಡನೆ ಒಂದರಿಂದೊಂದು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ತುಂಬಿಬಿಡುತ್ತವೆ. ಮೊದಲ ಹನಿಗಳಿಗೆ ಮೇಲ್ಮೈ ಹೀಗೆ ಬಿಗಿದುಕೊಳ್ಳುವುದರಿಂದ ಮುಂದಿನ ಮಳೆ ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಬೇರಿಗೆ ಗಾಳಿ-ನೀರು ಸಿಗದಂತೆ ಮಾಡಿ ರೈತನನ್ನು ಕಂಗೆಡಿಸುವ ಗುಣವೇ ಮನೆಯ ಮೇಲೆ ಅವನನ್ನು ಕಾಯುತ್ತಿತ್ತು. ಆದರೆ ಹರಿಯುವ ನೀರಿಗೆ ಈ ಮಣ್ಣು ಬೇಗ ಕೊಚ್ಚಿಹೋಗುತ್ತದೆಯಾದ್ದರಿಂದ ಮಾಳಿಗೆಗೆ ಇಳಿಜಾರು ತೀರ ಕಡಿಮೆ, ಅಂಚಿಗೆ ಕಲ್ಲಿನ ಹಾಸು, ನೀರು ಗೋಡೆಗೆ ತಾಗದಂತೆ ದೂರಕ್ಕೆ ಚಾಚಿದ ಕಲ್ಲಿನ ಅಥವಾ ಮರದ ದೋಣಿ. ರಸಾಯನಶಾಸ್ತ್ರದ ಹೆಸರಿಲ್ಲದೆ ಮಣ್ಣಿನ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ಅರಿತವರ ಕೆಲಸ ಇದು.

ಒಂದು ಅಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ತೂಗುತ್ತದೆ. ಇಂದಿನ ಮಾಮೂಲಿ ಕಾಂಕ್ರೀಟ್ ಛಾವಣಿಯ ತೂಕ ಸುಮಾರು 300 ಕಿಲೋಗ್ರಾಂ. ಈ ಭಾರದಿಂದಾಗಿಯೇ ಕಂಬಗಳು ಹತ್ತಿರ ಹತ್ತಿರ, ಅಂಕಣಗಳು ಚಿಕ್ಕವು. ಆದರೆ ತಂಪು ಹುಟ್ಟುವುದೂ ಆ ಭಾರದಿಂದಲೇ, ಏಕೆಂದರೆ ಹಗಲಿನ ಬಿಸಿ ಇಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವ ಹೊತ್ತಿಗೆ ಇರುಳಾಗಿ, ಮನೆಮಂದಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿರುತ್ತಾರೆ. ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟುವುದರಿಂದ ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಇನ್ನೂ ಕಡಿಮೆಯಾಗುತ್ತದೆ. ಒಣಗಿಸುವ ಮೆಣಸಿನಕಾಯಿ, ಕಾಳುಕಡ್ಡಿಗಳಿಗೆ ಮಾಳಿಗೆಯೇ ಕಣ. ಈ ಮನೆಗಳ ದೊಡ್ಡ ಕೊರತೆ ಬೆಳಕಿನದು. ಬಿಸಿಲು ಮತ್ತು ಕಳ್ಳರ ಭಯದಿಂದ ಕಿಟಕಿ ಇಡದೆ, ಮಾಳಿಗೆಯಲ್ಲಿ ಗವಾಕ್ಷಿ ಎಂಬ ಒಂದು ತೂತು ಬಿಟ್ಟು, ಮಳೆ ಬಂದಾಗ ಅದನ್ನೂ ಮುಚ್ಚಿಡುವ ಈ ಕತ್ತಲ ಕೋಣೆಗಳನ್ನು, ದನಗಳೂ ಒಲೆಯ ಹೊಗೆಯೂ ಒಂದೇ ಸೂರಿನಡಿ ಇದ್ದ ಬದುಕನ್ನು, ಆರೋಗ್ಯಕರವೆಂದು ಹೇಳುವುದು ಕಷ್ಟ.

ಮಾಳಿಗೆಯ ಆಯುಷ್ಯ ನಿಂತಿದ್ದುದು ದುಡಿಮೆಯ ಮೇಲೆ. ಬೇಸಿಗೆಯಲ್ಲಿ ಬಿರಿದ, ಇಲಿ-ಹೆಗ್ಗಣ ತೋಡಿದ ಜಾಗಗಳನ್ನು ಮುಂಗಾರಿಗೆ ಮುನ್ನ ಮುಚ್ಚಿ, ಹೊಸ ಚೌಳು ಹೊತ್ತು ತಂದು ಹರಡಿ ಬಡಿಯಬೇಕು. ಹಳೆಯ ಪದರ ತೆಗೆಯದೆ ವರ್ಷವರ್ಷವೂ ಹೊಸದನ್ನೇ ಹೇರಿದರೆ ಜಂತಿಗಳು ಬಾಗಿ ಒಂದು ದಿನ ಮುರಿಯುತ್ತವೆ. ಮಣ್ಣಿನ ಗುಣ ಬಲ್ಲ ಉಪ್ಪಾರರು ಈ ಕೆಲಸದ ಒಡನಾಡಿಗಳು. ಚೌಳು ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಆ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವುದು ಅವರ ಕುಲಕಸುಬಾಗಿತ್ತು. ಸಮುದ್ರದಿಂದ ದೂರವಿದ್ದ ಈ ಸೀಮೆಯಲ್ಲಿ ಮಣ್ಣಿನುಪ್ಪಿಗೆ ಒಳ್ಳೆಯ ಗಿರಾಕಿಯಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಸರ್ಕಾರ ಉಪ್ಪಿನ ಮೇಲಿನ ತನ್ನ ಹಿಡಿತ ಬಿಗಿಗೊಳಿಸಿ ಮಣ್ಣಿನುಪ್ಪಿನ ತಯಾರಿಕೆಯನ್ನು ಹತ್ತಿಕ್ಕಿದ ಮೇಲೆ ಉಪ್ಪಾರರಲ್ಲಿ ಬಹುಮಂದಿ ಗೋಡೆ ಕಟ್ಟುವ, ಮಣ್ಣು ಅಗೆಯುವ, ಸುಣ್ಣದ ಕೆಲಸದ ಕಡೆಗೆ ಪೂರ್ತಿಯಾಗಿ ತಿರುಗಿದರು. ಉಪ್ಪಿನ ಕಾನೂನು ಕಟ್ಟಡದ ಕಸುಬಿಗೆ ಕೂಲಿಯಾಳುಗಳನ್ನು ಒದಗಿಸಿದ ಈ ತಿರುವಿನ ಬಗ್ಗೆ ವಾಸ್ತುಶಿಲ್ಪದ ಪುಸ್ತಕಗಳು ಸಾಮಾನ್ಯವಾಗಿ ಮೌನವಾಗಿವೆ. ಪರಿಸರಸ್ನೇಹಿ ಎಂದು ಇಂದು ಕೊಂಡಾಡುವ ಕಟ್ಟಡಗಳ ಹಿಂದೆ ಬಹುಪಾಲು ಜಾತಿಯ ಕಟ್ಟಿನಲ್ಲಿ ದುಡಿದ, ತಕ್ಕ ಕೂಲಿ ಕಾಣದ ಕೈಗಳಿದ್ದವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಅಂದಾಜು ಪಟ್ಟಿಯೂ ಪ್ರಾಮಾಣಿಕವಲ್ಲ.

ನೀರಿನ ವಿಷಯದಲ್ಲೂ ಕೊರತೆಯೇ ಗುರು. ವಿಜಯನಗರದ ಅಧೀನದಲ್ಲಿದ್ದ ಹಂಡೆ ಪಾಳೆಯಗಾರರು ಬಳ್ಳಾರಿ ಗುಡ್ಡದ ಮೇಲೆ ಕಟ್ಟಿದ ಮೇಲುಕೋಟೆಯಲ್ಲಿ ಬಂಡೆಯ ಸೀಳುಗಳಿಗೆ ಅಡ್ಡ ಕಟ್ಟಿ ಮಳೆನೀರು ಹಿಡಿದಿಟ್ಟ ಹೊಂಡಗಳಿವೆ. ಬೇರೆ ಸೆಲೆಯಿಲ್ಲದ ಬೋಳು ಬಂಡೆಯ ಮೇಲೆ ದಂಡನ್ನು ಉಳಿಸಿದ್ದು ಆ ಹೊಂಡಗಳು. ಇದಕ್ಕೆ ತೀರ ಭಿನ್ನವಾಗಿ ಸಿರುಗುಪ್ಪದಲ್ಲಿ ವಿಜಯನಗರದ ಕಾಲದ ಕಾಲುವೆಗಳು ತುಂಗಭದ್ರೆಯ ನೀರನ್ನು ಗದ್ದೆಗೆ ತಂದು, ಜೋಳದ ಸೀಮೆಯ ನಡುವೆ ಭತ್ತದ ಪಟ್ಟಿಯನ್ನೇ ಮೂಡಿಸಿದವು. ಭತ್ತದಿಂದ ಹುಲ್ಲು ಬಂತು, ಕೆಸರಿಗೆ ಬೆರೆಸುವ ಹೊಟ್ಟು ಬಂತು, ಅಕ್ಕಿಗಿರಣಿಗಳು ಬಂದ ಮೇಲೆ ಇಟ್ಟಿಗೆ ಗೂಡಿಗೆ ಉರುವಲೂ ಬಂತು.

1769ರಲ್ಲಿ ಹೈದರ್ ಅಲಿಯ ವಶಕ್ಕೆ ಬಂದು, ಕೆಳಕೋಟೆಯನ್ನು ಪಡೆದ ಬಳ್ಳಾರಿ, ಮುಂದೆ ನಿಜಾಮನ ಕೈ ಸೇರಿ, 1800ರಲ್ಲಿ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ದಂಡು ಪ್ರದೇಶ ಬೆಳೆದಂತೆ ಎತ್ತರದ ಸೂರಿನ, ಸುತ್ತ ಜಗಲಿಯ ಬಂಗಲೆಗಳು ಬಂದವು; ಅವುಗಳೊಂದಿಗೆ ಮದ್ರಾಸ್ ತಾರಸಿಯೂ ಬಂತು. ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆಚೂರಿನ ಗಚ್ಚು ಬಡಿದು ಮಾಡುವ ಛಾವಣಿ ಇದು. ಸುಣ್ಣಕ್ಕೆ ದೂರ ಹೋಗಬೇಕಿರಲಿಲ್ಲ. ಎರೆ ಭೂಮಿಯಲ್ಲೇ ಸಿಗುವ ಸುಣ್ಣದ ಹರಳುಗಳನ್ನು ಸುಟ್ಟು, ಎತ್ತು ತಿರುಗಿಸುವ ಕಲ್ಲಿನ ಗಾಣದಲ್ಲಿ ಮರಳಿನೊಂದಿಗೆ ಅರೆದರೆ ತೇವದಲ್ಲೂ ಗಟ್ಟಿಯಾಗುವ ಗಾರೆ ದೊರೆಯುತ್ತಿತ್ತು. ಉಳ್ಳವರ ಮನೆಗಳು ತಾರಸಿಗೆ ಹೊರಳಿದವು, ಉಳಿದವರ ಮೇಲೆ ಚೌಳು ಹಾಗೆಯೇ ಇತ್ತು. ಬ್ರಿಟಿಷ್ ಆಡಳಿತದ ಕಾಲದಲ್ಲೇ, 1896ರಲ್ಲಿ, ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಶೈಲಿಯ ಗುಡಿಗಳನ್ನು ಅಳೆದು ಬರೆದ ನಕ್ಷೆಗಳ ಗ್ರಂಥ ಪ್ರಕಟವಾಯಿತು. ಗುಡಿಯ ಒಂದೊಂದು ಕಂಬದ ಮೇಲೂ ಅಳತೆಪಟ್ಟಿ ಹಿಡಿದ ಆ ಶ್ರದ್ಧೆ ಪಕ್ಕದ ಬೀದಿಯ ಮನೆಗಳ ಕಡೆಗೆ ತಿರುಗಲಿಲ್ಲ.

ಮಾಳಿಗೆಯ ಇಳಿಗಾಲ ಆರಂಭವಾದದ್ದು ಸ್ವಾತಂತ್ರ್ಯಾನಂತರ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯಿತು. ಸಿರುಗುಪ್ಪ, ಕುರುಗೋಡಿನ ಕಡೆ ಭತ್ತದ ದುಡ್ಡಿನೊಂದಿಗೆ ಸಿಮೆಂಟು, ಕಬ್ಬಿಣದ ಸರಳು ಬಂದವು. ನೀರು ಹೆಚ್ಚಾಗಿ ಬಸಿಯಲು ದಾರಿಯಿಲ್ಲದ ಹೊಲಗಳಲ್ಲಿ ಸವಳು ಹರಡಿತು, ಆದರೆ ಅದನ್ನು ಮಾಳಿಗೆಗೆ ಹೊರುವವರು ಕಡಿಮೆಯಾದರು. ವರ್ಷವರ್ಷದ ಚಾಕರಿ ಬೇಡದ ಛಾವಣಿ ಜನರಿಗೆ ಬಿಡುಗಡೆಯೇ ಆಗಿತ್ತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ-ನೆರೆಗಳಲ್ಲಿ ಕುಸಿದದ್ದು ಬಹುಪಾಲು ಮಣ್ಣಿನ ಮನೆಗಳು, ಸಿರುಗುಪ್ಪ ತಾಲ್ಲೂಕೂ ಆ ಹೊಡೆತಕ್ಕೆ ಸಿಕ್ಕಿತು. ವರ್ಷಕ್ಕೆ 500 ಮಿಲಿಮೀಟರಿನ ಅಂದಾಜಿನ ಮೇಲೆ ಕಟ್ಟಿದ ವ್ಯವಸ್ಥೆ ಕೆಲವೇ ದಿನಗಳ ಎಡೆಬಿಡದ ಮಳೆಯನ್ನು ತಾಳಲಿಲ್ಲ. ಸರ್ಕಾರ ‘ಆಸರೆ’ ಯೋಜನೆಯಡಿ ಸಂತ್ರಸ್ತರಿಗೆ ಕಟ್ಟಿಸಿಕೊಟ್ಟ ಮನೆಗಳು ಮಣ್ಣಿನವಲ್ಲ, ಸಿಮೆಂಟಿನವು. ಅವು ನೆರೆಗೆ ಸುಲಭವಾಗಿ ಕುಸಿಯಲಾರವು, ಆದರೆ ಬೇಸಿಗೆಯ ಮಧ್ಯಾಹ್ನ ಕಾದ ಹೆಂಚಾಗುತ್ತವೆ.

ಸಿಮೆಂಟು ಮತ್ತು ಮಣ್ಣು ಎಂಬ ಎರಡೇ ಆಯ್ಕೆಗಳಿವೆ ಎಂಬ ಭಾವನೆಯನ್ನು ಒಡೆದ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು, ಮಣ್ಣಿಗೆ ಸ್ವಲ್ಪ ಸಿಮೆಂಟು ಅಥವಾ ಸುಣ್ಣ ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಗೊಳಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಸುಡುವ ಉರುವಲು ಉಳಿಯುವುದು ಇದರ ಮುಖ್ಯ ಲಾಭ. ಆದರೆ ಎಲ್ಲ ಮಣ್ಣೂ ಇದಕ್ಕೆ ಒಗ್ಗದು. ಉಬ್ಬುವ ಎರೆ ಮಣ್ಣಿಗಿಂತ ಮರಳು ಬೆರೆತ ಕೆಂಪು ಮಸಾರಿ ಮಣ್ಣೇ ಲೇಸು, ಆದ್ದರಿಂದ ಕುರುಗೋಡಿನ ಗುಡ್ಡದ ಬುಡಕ್ಕೆ ಸಲ್ಲುವ ವಿಧಾನ ಸಿರುಗುಪ್ಪದ ಗದ್ದೆಬಯಲಿಗೆ ಹಾಗೆಯೇ ಸಲ್ಲುವುದಿಲ್ಲ. ಜಿಲ್ಲೆಯಲ್ಲಿ ಈಗ ಬೇರೆ ಸಾಮಗ್ರಿಗಳೂ ರಾಶಿ ಬಿದ್ದಿವೆ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಂದ ಬರುವ ಕಿಟ್ಟವನ್ನು ಅರೆದು ಸಿಮೆಂಟಿಗೆ ಬೆರೆಸಬಹುದು, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಇಟ್ಟಿಗೆ ಮಾಡಬಹುದು. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬಕ್ಕೆ ಪುರಾತತ್ತ್ವಜ್ಞರಲ್ಲಿ ಹೆಸರಾದ ಊರೂ ಕುಡತಿನಿಯೇ. ಬೂದಿಯ ವಿಷಯದಲ್ಲಿ ಆ ಊರಿನ ಹಣೆಬರಹ ನಾಲ್ಕು ಸಾವಿರ ವರ್ಷವಾದರೂ ಬದಲಾಗಿಲ್ಲ.

ಕಲೆ ಕಲಿಸುವ ಸಂಸ್ಥೆ ತನ್ನ ನೆಲದ ಕಟ್ಟಣೆಯನ್ನು ಹೇಗೆ ಕಾಣಬೇಕೆಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. 1991ರಲ್ಲಿ ಸ್ಥಾಪನೆಯಾದ, ದೃಶ್ಯಕಲೆಯ ವಿಭಾಗವನ್ನೂ ಹೊಂದಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಆವರಣ ವಿಜಯನಗರವನ್ನು ನೆನಪಿಸುವ ಕಲ್ಲಿನ ಕಟ್ಟಡಗಳಿಂದ ಘನತೆ ಪಡೆದಿದೆ. ಅಲ್ಲಿ ಸ್ಮರಣೆಗೆ ಬಂದದ್ದು ಅರಮನೆ ಮತ್ತು ಗುಡಿ, ಒಕ್ಕಲಿಗನ ಮಾಳಿಗೆಯಲ್ಲ. ಇನ್ನೊಂದು ದೂರದ ಶಾಂತಿನಿಕೇತನದ್ದು. 1919ರಲ್ಲಿ ಆರಂಭವಾದ ಕಲಾಭವನದ ಬಳಗ ರವೀಂದ್ರನಾಥ ಠಾಕೂರರಿಗಾಗಿ 1935ರಲ್ಲಿ ‘ಶ್ಯಾಮಲಿ’ ಎಂಬ ಮನೆಯನ್ನು ಗೋಡೆ-ಛಾವಣಿ ಎರಡೂ ಮಣ್ಣಿನದಾಗಿ ಕಟ್ಟಿತು. ಸುರೇಂದ್ರನಾಥ ಕರ್ ವಿನ್ಯಾಸ ಮಾಡಿದರು, ಗೋಡೆಯ ಉಬ್ಬುಚಿತ್ರಗಳಲ್ಲಿ ನಂದಲಾಲ ಬೋಸ್ ಮತ್ತು ರಾಮಕಿಂಕರ್ ಬೈಜ್ ಅವರ ಕೈಯಿತ್ತು. ಅಲ್ಲಿನ ವಿದ್ಯಾರ್ಥಿನಿಲಯವಾದ ‘ಕಪ್ಪು ಮನೆ’ಯೂ ಮಣ್ಣಿನದೇ, ಮಳೆಗೆ ಕರಗದಂತೆ ಟಾರು ಬಳಿದ ಅದರ ಗೋಡೆಗಳ ಉಬ್ಬುಚಿತ್ರಗಳಲ್ಲಿ ವಿದ್ಯಾರ್ಥಿಗಳೂ ಕೈಯಾಡಿಸಿದರು. ಮಣ್ಣಿನ ಕಟ್ಟಡ ಬೇಡುವ ನಿರಂತರ ಆರೈಕೆ ಅಲ್ಲಿ ಯಾರದೋ ಬಿಟ್ಟಿ ಚಾಕರಿಯಾಗದೆ ಕಲಿಕೆಯ ಭಾಗವಾಯಿತು. ಬಳ್ಳಾರಿಯ ಮಾಳಿಗೆಗೆ ಇಲ್ಲದೆಹೋದದ್ದು ಇದೇ ವ್ಯವಸ್ಥೆ. ಮನೆಯೊಂದಕ್ಕೆ ಹೊರೆಯಾಗುವ ಈ ದುಡಿಮೆಯನ್ನು ಸಂತೋಷದಿಂದ ಹೊರಬಲ್ಲ ಸಂಸ್ಥೆ ಯಾವುದಾದರೂ ಇದ್ದರೆ ಅದು ವಸ್ತುವನ್ನು ಕೈಯಿಂದ ಅರಿಯಲು ಬಂದವರಿರುವ ವಿನ್ಯಾಸ ಶಾಲೆ ಮಾತ್ರ.

ಹಾಗೆಂದು ಶಾಲೆಯ ಇಡೀ ಕಟ್ಟಡಕ್ಕೆ ಚೌಳು ಹೊದಿಸುವುದು ವಿವೇಕವಲ್ಲ. ಮಗ್ಗ ಮತ್ತು ಹೊಲಿಗೆ ಯಂತ್ರಗಳ ಕಾರ್ಯಾಗಾರಕ್ಕೆ ಅಂಕಣಕ್ಕಿಂತ ಅಗಲವಾದ ಜಾಗ ಬೇಕು, ಚಿತ್ರ ಬರೆಯುವವರಿಗೆ ನೆರಳು ಬೀಳದ ಉತ್ತರದ ಬೆಳಕು ಬೇಕು. ಇವೆರಡನ್ನೂ ಹಳೆಯ ಮಾಳಿಗೆ ಕೊಡಲಾರದು. ತೋರಣಗಲ್ಲಿನ ಉಕ್ಕಿನ ತೊಲೆ, ಕುರುಗೋಡಿನ ಚಪ್ಪಡಿ, ಕಿಟ್ಟ ಬೆರೆತ ಸಿಮೆಂಟು ಅಲ್ಲಿಗೆ ತಕ್ಕವು. ಗ್ರಂಥಾಲಯ, ಪಾಠದ ಕೋಣೆ, ಅಧ್ಯಾಪಕರ ಕೊಠಡಿಗಳಂಥ ಚಿಕ್ಕ ಭಾಗಗಳಿಗೆ ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಒಪ್ಪುತ್ತವೆ, ಆದರೆ ಪಡಸಾಲೆಯ ಚಾಚು ಹೆಚ್ಚಾಗಿರಬೇಕು, 2009ರಂಥ ಮಳೆಯನ್ನು ಲೆಕ್ಕದಲ್ಲಿಟ್ಟು ಗೋಡೆಯ ಬುಡವನ್ನು ಕಲ್ಲಿನಲ್ಲಿ ಎತ್ತರಿಸಿರಬೇಕು. ಮಾಳಿಗೆಯ ದೋಣಿಗಳಿಂದ ಬೀಳುವ ನೀರನ್ನು ಮೇಲುಕೋಟೆಯ ಹೊಂಡಗಳ ಮಾದರಿಯಲ್ಲಿ ಹಿಡಿದಿಡುವುದು, ಜೀನ್ಸಿನ ಬಣ್ಣ ತೊಳೆದ ನೀರನ್ನು ಶುದ್ಧಗೊಳಿಸದೆ ಹೊರಬಿಡದಿರುವುದು, ಇವು ಗೋಡೆಯ ಸಾಮಗ್ರಿಯಷ್ಟೇ ಮುಖ್ಯ. ಭಾರತದಲ್ಲಿ 2007ರಿಂದ ಬಳಕೆಯಲ್ಲಿರುವ ‘ಗೃಹ’ದಂಥ ಹಸಿರು ಕಟ್ಟಡದ ಶ್ರೇಯಾಂಕ ಪದ್ಧತಿಗಳು ವಿದ್ಯುತ್ತು, ನೀರು, ಸಾಮಗ್ರಿಗಳನ್ನು ಅಳೆಯುವಲ್ಲಿ ಉಪಯುಕ್ತವೇ, ಆದರೆ ವರ್ಷವರ್ಷ ಮಾಳಿಗೆ ಹತ್ತಿ ಬಿರುಕು ಮುಚ್ಚುವವರು ಯಾರು, ಅವರಿಗೆ ಕೂಲಿ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಶಾಲೆಯ ಪಠ್ಯಕ್ರಮದಲ್ಲೂ ಆಯವ್ಯಯದಲ್ಲೂ ಇರಬೇಕಾದದ್ದು.

ಅಂಥ ಶಾಲೆ ಎದ್ದರೂ ಏಳದಿದ್ದರೂ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆಗಳ ಹಳೆಯ ಕೇರಿಗಳಲ್ಲಿ ಮಾಳಿಗೆ ಮನೆಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ, ಚೌಳಿನ ಹದ ಬಲ್ಲ ಉಪ್ಪಾರ ಮತ್ತು ಭೋವಿ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಬಳ್ಳಾರಿಯ ಎಂಜಿನಿಯರಿಂಗ್ ಮತ್ತು ಕಲಾ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು ಗುಡಿಗಳ ವಿಷಯದಲ್ಲಿ ರೀ ಮಾಡಿದ ಕೆಲಸವನ್ನು ಈ ಮನೆಗಳ ವಿಷಯದಲ್ಲಿ ಮಾಡಬೇಕು: ಅಂಕಣ ಅಂಕಣವಾಗಿ ಅಳೆದು ನಕ್ಷೆ ಬರೆಯಬೇಕು, ಯಾವ ಹೊಲದ ಚೌಳು ಯಾವ ಮಾಳಿಗೆಗೆ ಬಂತೆಂದು ಕೇಳಿ ದಾಖಲಿಸಬೇಕು, ಹೇಳಿದವರ ಹೆಸರುಗಳನ್ನು ನಕ್ಷೆಯ ಮೇಲೆ ಕಟ್ಟಿಸಿದ ಒಡೆಯನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು.